ಹಾಸು ಹೊಕ್ಕು ಇಲ್ಲದ ಚೀಲ

ಹರ್ತಿಯಿಂದ ಗದಗಿನ ಪ್ಯಾಟಿಗೆ ಹೊರಟವರು ಹಿಂದೆಲ್ಲ ಗೂಟಕ್ಕೆ ತೂಗಿದ ಚೀಲ ತೆಗೆದುಕೊಂಡೇ ಬಸ್ಸು ಹತ್ತುತ್ತಿದ್ದರು. ಈಗ ಬರಿಗೈಲೆ ಹೋಗುತ್ತೇವೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಕೊಟ್ಟರೆ ಮನಸ್ಸು ಅಳುಕುತ್ತದೆ, ಕಂದು ಹಾಳೆಯ ಚೀಲ ಕೊಟ್ಟರೆ ಹಗುರಾಗುತ್ತದೆ. ಆ ಅಳುಕು ಸರಿ. ಹಗುರಾಗುವುದು ಮಾತ್ರ ಪೂರ್ತಿ ಸರಿಯಲ್ಲ.

ತೆಳು ಪ್ಲಾಸ್ಟಿಕ್ ಚೀಲ ಹುಟ್ಟುವುದು ಗುಳ್ಳೆಯಾಗಿ. ಸಾಬೂದಾನಿಯಂಥ ಪಾಲಿಎಥಿಲೀನ್ ಕಾಳುಗಳನ್ನು ಯಂತ್ರ ಕರಗಿಸಿ, ಬಳೆಯಾಕಾರದ ಸಂದಿಯಿಂದ ಮೇಲಕ್ಕೆ ಒತ್ತಿ, ನಡುವೆ ಗಾಳಿ ಊದುತ್ತದೆ. ಆಳೆತ್ತರ ಮೀರಿ ಏಳುವ ಆ ಕೊಳವೆ ತಣಿದು, ಉರುಳೆಗಳ ನಡುವೆ ಸಿಕ್ಕಿ ಚಪ್ಪಟೆಯಾಗುತ್ತದೆ. ಅಡಿಯನ್ನು ಕಾಯಿಸಿ ಬೆಸೆದು ಮೇಲೆ ಹಿಡಿಕೆ ಕತ್ತರಿಸಿದರೆ ಬನಿಯನ್ನಿನಂತೆ ಕಾಣುವ ಚೀಲ ಸಿದ್ಧ. ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದ ಈ ಆಕಾರಕ್ಕೆ 1965ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಹೊಲಿಗೆ ಬೇಡ, ಅಂಟು ಬೇಡ.

ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ತೂಗಿ ನೋಡಿದರೆ ಪ್ಲಾಸ್ಟಿಕ್ ಚೀಲ ಸುಮಾರು 8 ಗ್ರಾಂ, ಹಾಳೆಯದು 55 ಗ್ರಾಂ. ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಮಟ್ಟಿಗೆ ಹೇಳುವುದಾದರೆ, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ಸಮನಾಗಲು ಹಾಳೆಯ ಚೀಲ 3 ಸಲ, ಹೊಸ ಹತ್ತಿಯ ಚೀಲ 131 ಸಲ ಪ್ಯಾಟಿಗೆ ಹೋಗಿ ಬರಬೇಕು. ಹಸಿ ಮೆಂತ್ಯಸೊಪ್ಪು ತುಂಬಿದ ಹಾಳೆಯ ಚೀಲ ಮೂರನೆಯ ಸಲ ಎಲ್ಲಿ ಹೋದೀತು?

ಹಾಳೆಯ ಹಿಂದೆ ನೀರಿದೆ, ಕಾಡಿದೆ. ಮರದ ಎಳೆಗಳನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಟು ಬಿಡಿಸಲು ಚಕ್ಕೆಗಳನ್ನು ಕಾಸ್ಟಿಕ್ ಸೋಡಾ ಬೆರೆತ ದ್ರಾವಣದಲ್ಲಿ ಒತ್ತಡದಡಿ ಬೇಯಿಸಬೇಕು. ದಾಂಡೇಲಿಯ ಕಾಗದದ ಗಿರಣಿಗೆ ನಮ್ಮ ಬಿದಿರು ಮೊದಮೊದಲು ಟನ್ನಿಗೆ ಒಂದೂವರೆ ರೂಪಾಯಿಗೆ ಹೋಯಿತು. ಹರಿಹರದ ಬಳಿಯ ಪಾಲಿಫೈಬರ್ಸ್ ಕಾರ್ಖಾನೆಯದು ಕಾಗದವಲ್ಲ, ರೇಯಾನ್ ನೂಲಿನ ತಿರುಳು. ಆದರೂ ಮರ ಬೇಯಿಸುವ ವಿದ್ಯೆ ಅದೇ ಕುಲದ್ದು. ಆ ಕಾರ್ಖಾನೆಯ ಕೊಳೆನೀರು ತುಂಗಭದ್ರೆಗೆ ಸೇರುತ್ತಿದೆ ಎಂದು 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಡಿತು. ಶಿರಹಟ್ಟಿ, ಮುಂಡರಗಿ ಸೀಮೆಗೆ ಇಳಿದು ಬರುವ ಹೊಳೆ ಅದೇ. ಗೋಮಾಳದಲ್ಲಿ ಇದೇ ತಿರುಳಿಗಾಗಿ ನೀಲಗಿರಿ ನೆಟ್ಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಮಾಡಿ ಆ ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದರು.

ಹಾಗಂತ ಪ್ಲಾಸ್ಟಿಕ್ ಗೆದ್ದಿತೆನ್ನಬೇಡಿ. ಬಿಸಾಡಿದ ಚೀಲ ಬಯಲಲ್ಲಿ ಮಾಡುವ ಹಾನಿ ಬ್ರಿಟನ್ನಿನ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆಕಳು ಮೇವನ್ನು ಆರಿಸಿ ತಿನ್ನುವುದಿಲ್ಲ. ನಾಲಗೆಯಿಂದ ಸೆಳೆದು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಅದರ ಮೊದಲ ಹೊಟ್ಟೆಗಳಿಂದ ಮುಂದಕ್ಕೆ ಹೋಗುವ ಕಿಂಡಿ ನುಣ್ಣಗಾದುದನ್ನಷ್ಟೇ ಬಿಡುತ್ತದೆ. ಗಂಟು ಕಟ್ಟಿ ಎಸೆದ ಚೀಲ ಅಲ್ಲೇ ಉಳಿದು, ಮುದ್ದೆಗಟ್ಟಿ, ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ. ಒಳಗಿನ ಅನ್ನದ ವಾಸನೆಗೆ ಬಂದ ಆ ಮೂಕಜೀವಿ ಹೊಟ್ಟೆ ತುಂಬಿದ್ದೂ ಹಸಿದು ಸಾಯುತ್ತದೆ. ಎರೆಹೊಲದಲ್ಲಿ ಇನ್ನೊಂದು ಬಗೆ: ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿಗೆ ಚೂರುಗಳು ಇಳಿಯುತ್ತವೆ, ಮಳೆಗೆ ಮಣ್ಣು ಉಬ್ಬಿ ಮುಚ್ಚಿಕೊಳ್ಳುತ್ತದೆ.

ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿತು. ಆಮೇಲೆ ಅಂಗಡಿಗಳಲ್ಲಿ ಕಂಡದ್ದು ಅರಿವೆಯಂತೆ ಕಾಣುವ ಬಣ್ಣದ ಚೀಲ. ಬೆಟಗೇರಿಯ ನೇಕಾರರ ಕಣ್ಣಿಗೆ ಅದು ಅರಿವೆಯೇ ಅಲ್ಲ: ಹಾಸಿಲ್ಲ, ಹೊಕ್ಕಿಲ್ಲ. ಕರಗಿಸಿ ಎಳೆದ ಪಾಲಿಪ್ರೊಪಿಲೀನ್ ಎಳೆಗಳನ್ನು ಹರಡಿ, ಬಿಸಿ ಉರುಳೆಯಿಂದ ಚುಕ್ಕಿ ಚುಕ್ಕಿಯಾಗಿ ಒತ್ತಿ ಹಿಡಿಸಿದ ಪ್ಲಾಸ್ಟಿಕ್ ಅದು. ಒಂದು ತುಣುಕಿಗೆ ಬೆಂಕಿ ತಾಗಿಸಿ; ಹತ್ತಿಯಾದರೆ ಬೂದಿಯಾಗುತ್ತದೆ, ಇದು ಕರಗಿ ಗುಂಡಾಗುತ್ತದೆ.

131 ಸಲದ ಭಾರ ಹೊಸ ಹತ್ತಿಗೆ: ಬೆಳೆಗೆ ಉಣಿಸಿದ ಗೊಬ್ಬರ, ನೀರು, ನೂಲುವ ಗಿರಣಿಯ ವಿದ್ಯುತ್ತು. ವಾರಕ್ಕೊಂದು ಸಂತೆಯೆಂದರೆ ಎರಡೂವರೆ ವರ್ಷ. ನಮ್ಮ ಅಜ್ಜಿಯರ ಚೀಲ ಹೊಸ ಹತ್ತಿಯದಾಗಿರಲಿಲ್ಲ. ಉಟ್ಟು ಸವೆದ ನೂಲಿನ ಸೀರೆಯ ಮೆತ್ತನೆಯ ಭಾಗ ಕೌದಿಗೆ, ಗಟ್ಟಿ ಉಳಿದ ಭಾಗ ಚೀಲಕ್ಕೆ. ಸೀರೆಯ ಸಾಲ ಉಟ್ಟಾಗಲೇ ತೀರಿತ್ತು. ಚೀಲದ ಪಾಲಿಗೆ ಉಳಿದದ್ದು ದಾರ, ಮಷೀನು ತುಳಿದ ಕಾಲಿನ ಶ್ರಮ. ಅಂಥ ಚೀಲ ಮೊದಲು ಹರಿಯುವುದು ಹಿಡಿಕೆಯ ಬುಡದಲ್ಲಿ. ಅಲ್ಲೊಂದು ತೇಪೆಯಿಟ್ಟು ಅಡ್ಡಡ್ಡ ಹೊಲಿದರೆ ಮತ್ತೆ ಐದು ಕಿಲೊ ಉಳ್ಳಾಗಡ್ಡಿ ತಡೆಯುತ್ತದೆ.