ನಲವತ್ತು ವರುಷದ ಧೂಳು

ಮಲೆನಾಡಿನಲ್ಲಿ ಮನೆ ಕಟ್ಟಿಸುವವನಿಗೆ ಗೋಡೆಗಿಂತಲೂ ಮಾಡಿನ ಚಿಂತೆಯೇ ದೊಡ್ಡದು. ಆಗುಂಬೆಯಿರುವ ತೀರ್ಥಹಳ್ಳಿ, ಹುಲಿಕಲ್ಲಿರುವ ಹೊಸನಗರ, ಅದರ ನೆರೆಯಲ್ಲಿ ತಾನೂ ಮಳೆಗೆ ನೆನೆಯುವ ಸಾಗರ, ಈ ಮೂರು ತಾಲ್ಲೂಕುಗಳಲ್ಲಿ ವರುಷ ವರುಷವೂ ಸೋಗೆ ಹೊದೆಸುವ ಶ್ರಮವನ್ನು ಮಂಗಳೂರು ಹೆಂಚು ತಪ್ಪಿಸಿತೆಂಬುದು ನಿಜವಾದರೂ, ಮರದಿಂದ ಮಾಡಿಗೆ ನೆಗೆಯುವ ಮಂಗಗಳ ದೆಸೆಯಿಂದ ಆ ಹೆಂಚಿಗೂ ಆಯುಷ್ಯ ಸಾಲದಾಯಿತು. ಹೀಗೆ ಬೇಸತ್ತ ಗೃಹಸ್ಥನ ಕೊಟ್ಟಿಗೆಗೂ, ಬಚ್ಚಲಿಗೂ, ಅಡಿಕೆ ಬೇಯಿಸುವ ಒಲೆಯ ಮೇಲಣ ಮಾಡಿಗೂ ಅಗ್ಗದಲ್ಲಿ ಒದಗಿಬಂದದ್ದು ಬೂದುಬಣ್ಣದ, ಅಲೆಯಲೆಯಾದ ಶೀಟು. ಅಂಗಡಿಯಲ್ಲಿ ಅದನ್ನು ಸಿಮೆಂಟ್ ಶೀಟೆಂದೇ ಕೇಳುತ್ತಾರೆ. ಹೆಸರು ಸುಳ್ಳಲ್ಲ, ಆದರೆ ಆ ಸಿಮೆಂಟಿನೊಳಗೆ ನೂರಕ್ಕೆ ಎಂಟು ಹತ್ತು ಪಾಲಿನಷ್ಟು ಬೆರೆತು, ಅದಕ್ಕೆ ಕಸುವು ಕೊಡುವ ಇನ್ನೊಂದು ವಸ್ತುವಿನ ಹೆಸರನ್ನು ಅದು ನುಂಗಿಕೊಂಡಿದೆ.

ಆ ವಸ್ತುವೇ ಆಸ್ಬೆಸ್ಟಾಸ್, ಕನ್ನಡದಲ್ಲಿ ಕಲ್ನಾರು. ಇಷ್ಟು ಒಪ್ಪುವ ಹೆಸರು ಮತ್ತಾವ ಖನಿಜಕ್ಕೂ ಇದ್ದಂತಿಲ್ಲ: ಅದು ಕಲ್ಲೂ ಹೌದು, ಬಿಡಿಸಿದರೆ ನಾರೂ ಹೌದು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಶಿಲೆಗಳಲ್ಲಿಯೂ ಅದು ಉಂಟು. ಬೆಂಕಿಗೆ ಬೇಯದ, ನೀರಿಗೆ ಕೊಳೆಯದ ಈ ನಾರನ್ನು ಸಿಮೆಂಟಿನೊಡನೆ ಕಲಸಿ ತೆಳುಹಾಳೆ ಮಾಡುವ ವಿಧಾನಕ್ಕೆ ಆಸ್ಟ್ರಿಯ ದೇಶದ ಲುಡ್ವಿಗ್ ಹಾಟ್ಷೆಕ್ ಎಂಬಾತನು 1901ರಲ್ಲಿ ಪೇಟೆಂಟು ಪಡೆದನು.

ಮಳೆಗಾಲಕ್ಕೆ ಮುನ್ನ, ಮೇ ತಿಂಗಳ ಬಿಸಿಲಿನಲ್ಲಿ, ಹೊಸನಗರದ ಕಡೆಯ ಯಾವ ಊರಿಗೆ ಹೋದರೂ ಅಂಗಳದಲ್ಲಿ ಈ ಶೀಟನ್ನು ಕೊಯ್ಯುವ ಸದ್ದು ಕೇಳಿಸುವುದುಂಟು. ಒಬ್ಬನು ಕಾಲಿನಿಂದ ಶೀಟನ್ನು ಅದುಮಿ ಹಿಡಿದು ಗರಗಸವಾಡಿಸುತ್ತಾನೆ. ಅಲೆಯ ತಗ್ಗುಗಳಲ್ಲಿ ಹಿಟ್ಟಿನಂಥ ಧೂಳು ಸಾಲಾಗಿ ನಿಲ್ಲುತ್ತದೆ. ಆತ ಬಗ್ಗಿ ಅದನ್ನು ಬಾಯಿಂದ ಊದಿ, ಗೀಟು ಕಾಣಿಸಿದ ಮೇಲೆ ಮತ್ತೆ ಕೊಯ್ಯುತ್ತಾನೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದಾಗ, "ಎಂಥ ಆಗ್ತದೆ ಮಾರಾಯ್ರೇ, ಬರೀ ಸಿಮೆಂಟಲ್ವಾ" ಎಂದು ನಕ್ಕುಬಿಟ್ಟನು. ಕೊಯ್ದುಳಿದ ತುಂಡುಗಳು ದಾಸವಾಳದ ಬುಡಕ್ಕೆ ಕಟ್ಟೆಯಾದುವು. ಹತ್ತಾರು ಮಳೆ ಕಂಡ ಹಳೆಯ ತುಂಡಿನ ಒಡಕಲಂಚನ್ನು ದಿಟ್ಟಿಸಿ ನೋಡಿದರೆ, ಸಿಮೆಂಟು ತೊಳೆದುಹೋಗಿ, ಹರಿದ ಗೋಣಿಯಂಚಿನ ಎಳೆಯಂತೆ ಸಣ್ಣ ಬಿಳಿಯ ಕುಚ್ಚು ಹೊರಚಾಚಿಕೊಂಡಿರುವುದು ಕಾಣುತ್ತದೆ.

ಕಣ್ಣಿಗೆ ಕಾಣುವ ಈ ಕುಚ್ಚಲ್ಲ ಭಯಕ್ಕೆ ಕಾರಣ. ಅದು ಸೀಳಿ ಸೀಳಿ ಕಣ್ಣಿಗೇ ಕಾಣದಂತಾದ ಎಳೆಯು ಉಸಿರಿನೊಡನೆ ಒಳಸೇರಿ ಶ್ವಾಸಕೋಶದ ಅತಿಸೂಕ್ಷ್ಮ ಗೂಡುಗಳವರೆಗೆ ಇಳಿಯಬಲ್ಲದು. ಹೊರಗಿನ ಕಸವನ್ನು ನುಂಗಿ ಜೀರ್ಣಿಸುವ ಕಾವಲುಕಣಗಳು ತಮಗಿಂತ ಉದ್ದವಾದ ಈ ಎಳೆಯನ್ನು ನುಂಗಲಾರದೆ, ಉಗುಳಲೂ ಆರದೆ, ತಾವೇ ಒಡೆದು ಸುತ್ತಣ ಅಂಗಾಂಶವನ್ನು ಉರಿಯಿಸುತ್ತವೆ. ಕೆಲವು ಎಳೆಗಳು ಶ್ವಾಸಕೋಶವನ್ನು ಹೊದೆದ ತೆಳುಪೊರೆಯನ್ನು ಮುಟ್ಟುತ್ತವೆ. ಅಲ್ಲಿ ದಶಕಗಟ್ಟಲೆ ನಡೆದ ಆ ಮೌನದಹನದ ಫಲವಾಗಿ ಹುಟ್ಟುವ ಕ್ಯಾನ್ಸರೇ ಮೆಸೊಥೀಲಿಯೋಮ. ಉದರದ ಒಳಪೊರೆಯಲ್ಲಿಯೂ ಇದು ಹುಟ್ಟಬಹುದು. ಧೂಳು ಕುಡಿದ ದಿನಕ್ಕೂ ರೋಗ ತಲೆಯೆತ್ತುವ ದಿನಕ್ಕೂ ನಡುವೆ ಸಾಮಾನ್ಯವಾಗಿ 30ರಿಂದ 40 ವರುಷ.

ಕಲ್ನಾರಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು ಲೋಕಕ್ಕೆ ಸ್ಪಷ್ಟಪಡಿಸಿದವರು ದಕ್ಷಿಣ ಆಫ್ರಿಕದ ವ್ಯಾಗ್ನರ್ ಮತ್ತು ಸಂಗಡಿಗರು. 1960ರಲ್ಲಿ ಅವರು ಪ್ರಕಟಿಸಿದ 33 ರೋಗಿಗಳ ವೃತ್ತಾಂತದಲ್ಲಿ ಹಲವರು ನೀಲಿ ಕಲ್ನಾರಿನ ಗಣಿಗೆ ಇಳಿದವರೇ ಅಲ್ಲ, ಬಾಲ್ಯದಲ್ಲಿ ಅದರ ನೆರೆಯಲ್ಲಿ ವಾಸವಾಗಿದ್ದವರು. ಐದು ವರುಷಗಳ ಬಳಿಕ ಲಂಡನ್ನಿನ ವೈದ್ಯರ ಪಟ್ಟಿಯಲ್ಲಿ, ಕಾರ್ಖಾನೆಯಿಂದ ಬಂದ ಗಂಡನ ಬಟ್ಟೆಯನ್ನು ಒಗೆದದ್ದಲ್ಲದೆ ಬೇರೇನನ್ನೂ ಮಾಡದ ಹೆಂಗಸರೂ ಕಾಣಿಸಿಕೊಂಡರು. ಶೀಟಿನಲ್ಲಿರುವ ಬಿಳಿಯ ಕಲ್ನಾರು ನೀಲಿಯಷ್ಟು ಕ್ರೂರವಲ್ಲವೆಂಬ ವಾದದಲ್ಲಿ ಸತ್ಯಾಂಶವುಂಟು; ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರುಕಾರಕವೆಂದೇ ನಿರ್ಣಯಿಸಿರುವಾಗ, ಕಡಮೆ ಕ್ರೌರ್ಯವನ್ನು ನೆಚ್ಚಿ ಊದುತ್ತ ಕೂರುವುದು ನನಗಂತೂ ವಿವೇಕವಾಗಿ ತೋರದು. ಯೂರೋಪಿನ ಒಕ್ಕೂಟ 2005ರಲ್ಲಿಯೂ ಕೆನಡ 2018ರಲ್ಲಿಯೂ ಇದನ್ನು ನಿಷೇಧಿಸಿದುವು. ನಮ್ಮಲ್ಲಿ ಮಾರಾಟ ನಡೆದೇ ಇದೆ.

ನಮ್ಮ ಸೀಮೆಗೆ ರೋಗಗಳು ಅಪರಿಚಿತವಲ್ಲ. ಪಕ್ಕದ ಸೊರಬದ ಕ್ಯಾಸನೂರು 1957ರಲ್ಲಿ ಮಂಗನ ಕಾಯಿಲೆಗೆ ತನ್ನ ಹೆಸರು ಕೊಟ್ಟಿತು. ಸಾಗರದ ಹಂದಿಗೋಡು, ಕೀಲುಗಳನ್ನು ಕುಗ್ಗಿಸುವ ಮತ್ತೊಂದಕ್ಕೆ. ಮಂಗನ ಕಾಯಿಲೆಯಲ್ಲಾದರೆ ಉಣ್ಣೆ ಕಚ್ಚಿದ ವಾರದೊಳಗೆ ಜ್ವರ ಬರುತ್ತದೆ, ಒಂದೇ ಊರಿನಲ್ಲಿ ನಾಲ್ಕಾರು ಮಂದಿ ಮಲಗುತ್ತಾರೆ, ಜನ ಕಾರಣವನ್ನು ಊಹಿಸುತ್ತಾರೆ. ಕಲ್ನಾರಿನ ರೋಗಕ್ಕೆ ಊರಿಲ್ಲ. ಅದು ಮುದುಕನೊಬ್ಬನ ಏದುಸಿರಾಗಿ, ಎದೆಯ ಒಂದು ಪಕ್ಕದ ನೋವಾಗಿ, ಪೊರೆಯಲ್ಲಿ ನಿಂತ ನೀರಾಗಿ ಬರುತ್ತದೆ. ಮೊದಲು ಕ್ಷಯವೆಂದು ಭಾವಿಸುವುದೂ ಸಹಜ. ಪೊರೆಯ ತುಣುಕು ತೆಗೆದು ಪರೀಕ್ಷಿಸಿದಲ್ಲದೆ ನಿಶ್ಚಯವಾಗದು. ನಿಶ್ಚಯವಾದ ಮೇಲೆ ಔಷಧಗಳು ತಿಂಗಳುಗಳನ್ನು ಕೊಡಬಲ್ಲವೇ ಹೊರತು ಗುಣವನ್ನು ವಿರಳವಾಗಿ ಕೊಡುತ್ತವೆ.

ಇಷ್ಟು ಓದಿದವರು ಇಂದೇ ಮಾಡು ಕಿತ್ತೆಸೆಯಹೊರಟರೆ ಅದೇ ಹೆಚ್ಚಿನ ಅಪಾಯ. ಸಿಮೆಂಟಿನಲ್ಲಿ ಬಿಗಿಯಾಗಿ ಸೆರೆಯಾಗಿ, ಒಡೆಯದೆ ಇರುವ ಶೀಟಿನಿಂದ ಗಾಳಿಗೆ ಬರುವುದು ಅತ್ಯಲ್ಪ. ಕೊಯ್ಯುವುದು, ತೂತು ಕೊರೆಯುವುದು, ಒಡೆಯುವುದು, ಪಾಚಿ ತೆಗೆಯಲೆಂದು ಬೇಸಿಗೆಯಲ್ಲಿ ಒಣಬ್ರಷ್ಷಿನಿಂದ ಉಜ್ಜುವುದು, ಧೂಳೇಳುವುದು ಇವುಗಳಿಂದ. ತೆಗೆಯಲೇಬೇಕಾದರೆ ಚೆನ್ನಾಗಿ ನೀರು ಹನಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬೈರಾಸು ಮೂಗಿಗೆ ಸಾಲದು, ಸೂಕ್ಷ್ಮ ಧೂಳು ತಡೆಯುವ ಮಾಸ್ಕೇ ಬೇಕು.

1995ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಲ್ನಾರಿನ ಕಾರ್ಖಾನೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರುಷ, ಇಲ್ಲವೇ ಬಿಟ್ಟ ಮೇಲೆ 15 ವರುಷ, ಯಾವುದು ತಡವೋ ಅಲ್ಲಿಯವರೆಗೆ, ಕಾಪಾಡಬೇಕೆಂದು ಆಜ್ಞಾಪಿಸಿತು. ರೋಗದ ದೀರ್ಘಸೂತ್ರವನ್ನು ಬಲ್ಲ ತೀರ್ಪು. ಆದರೆ ಬೇಸಿಗೆಗೊಂದು ಕೊಟ್ಟಿಗೆಯಂತೆ ಮನೆಮನೆ ತಿರುಗಿ ಶೀಟು ಕೊಯ್ದವನಿಗೆ ಯಾವ ಕಾರ್ಖಾನೆ, ಯಾವ ಹಾಜರಿಪುಸ್ತಕ? ಮೂವತ್ತೈದು ವರುಷ ಕಳೆದು, ಶಿವಮೊಗ್ಗದ ಆಸ್ಪತ್ರೆಯ ಬೆಂಚಿನ ಮೇಲೆ ಏದುತ್ತ ಕುಳಿತಾಗ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದರೆ, ಅಡಿಕೆ ಕೊನೆ ತೆಗೀತಿದ್ದೆ ಎಂದಷ್ಟೇ ಅವನು ಹೇಳುತ್ತಾನೆ.