ನಿಮಗಿದು ಗೊತ್ತೆ? ಗಡಿ ದಾಟದ ಜಾತಿಪತ್ರ

ಸಿಂಧನೂರು, ಮಸ್ಕಿ ಕಡೆ ‘ಕ್ಯಾಂಪ್’ ಎಂದರೆ ಸಾಮಾನ್ಯವಾಗಿ ಆಂಧ್ರದ ರೈತರ ವಸತಿ. ಆದರೆ ಸಿಂಧನೂರು ತಾಲ್ಲೂಕಿನ ಆರ್‌.ಎಚ್‌. ಕ್ಯಾಂಪ್‌ಗಳ ಮನೆಮಾತು ಬಂಗಾಳಿ. 1970ರ ಆಸುಪಾಸಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಊರುಗಳಿವು. ಇಲ್ಲಿ ನಾಮಶೂದ್ರರು ಹೆಚ್ಚು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ. ಸಂವಿಧಾನದ 341ನೇ ವಿಧಿಯಂತೆ ಪಟ್ಟಿ ರಾಜ್ಯಕ್ಕೊಂದು. ವೈದ್ಯಕೀಯ ಸೀಟಿನ ಪ್ರಕರಣವೊಂದರಲ್ಲಿ, ಒಂದು ರಾಜ್ಯದ ಮೀಸಲಾತಿ ಇನ್ನೊಂದಕ್ಕೆ ವಲಸೆ ಹೋಗದು ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಹೀಗಾಗಿ ಕ್ಯಾಂಪಿನ ಹುಡುಗಿಗೆ ಪಿಯುಸಿ ಮುಗಿದ ಮೇಲೆ ಪರಿಶಿಷ್ಟರ ಸೀಟೂ ಇಲ್ಲ, ಆ ವಿದ್ಯಾರ್ಥಿವೇತನವೂ ಇಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ 371(ಜೆ) ವಿಧಿ ಇದೆಯಲ್ಲ ಎನ್ನಬಹುದು. ಇದೆ, ಇಲ್ಲೇ ಹುಟ್ಟಿದವರಿಗೆ ಅದು ಸಿಗುತ್ತದೆ ಕೂಡ. ಆದರೆ ಅದು ನೀಗಿಸುವುದು ಪ್ರದೇಶದ ಹಿಂದುಳಿದಿರುವಿಕೆಯನ್ನು, ಜಾತಿಯದನ್ನಲ್ಲ. ಪರಿಶಿಷ್ಟರ ಪಟ್ಟಿಗೆ ಹೊಸಬರು ಸೇರಿದರೆ ಇದ್ದವರ ಪಾಲು ಕರಗುತ್ತದೆಂಬ ಆತಂಕ ಸುಳ್ಳಲ್ಲ. ಆದರೆ ಬೆರಳೆಣಿಕೆಯ ಕ್ಯಾಂಪ್‌ಗಳಿಂದ ಕರಗುವುದೆಷ್ಟು? ಗಡಿ ದಾಟುವಾಗ ಬಡತನ ಜೊತೆಗೆ ಬಂತು, ಪ್ರಮಾಣಪತ್ರವಷ್ಟೇ ಬರಲಿಲ್ಲ. ಈ ಪಟ್ಟಿ ತಿದ್ದುವ ಅಧಿಕಾರ ವಿಧಾನಸೌಧಕ್ಕಿಲ್ಲ, ಸಂಸತ್ತಿಗೆ ಮಾತ್ರ.