ಬೀರುವಿನ ಡಾಂಬರು ಗುಳಿಗೆ ಬರೋದು ಎಲ್ಲಿಂದ?

ಸಂಡೂರು: ಬಟ್ಟೆಗೆ ನುಸಿ ಹಿಡಿಯದಿರಲೆಂದು ಬೀರುವಿನಲ್ಲಿ ಇಡುವ ಬಿಳಿ ಗುಳಿಗೆಗೆ ಈ ಭಾಗದಲ್ಲಿ ಡಾಂಬರು ಗುಳಿಗೆ ಅಂತಾರೆ. ಬಿಳಿ ಗುಳಿಗೆಗೆ ಕರಿ ಡಾಂಬರಿನ ಹೆಸರು ಯಾಕೆ?

ಕಾರಣ ಇಷ್ಟೇ, ಅದು ಹುಟ್ಟೋದೇ ಕಲ್ಲಿದ್ದಲಿನ ಡಾಂಬರಿನಿಂದ. ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ತಯಾರಿಸಲು ಕಲ್ಲಿದ್ದಲನ್ನು ಗಾಳಿ ತಾಗದಂತೆ 1000 ಡಿಗ್ರಿ ಆಸುಪಾಸಿನಲ್ಲಿ ಕಾಯಿಸುತ್ತಾರೆ. ತಾಲ್ಲೂಕಿನ ತೋರಣಗಲ್ಲಿನಲ್ಲೂ ಇಂಥ ಕೋಕ್ ಒಲೆಗಳಿವೆ. ಆಗ ಏಳುವ ಅನಿಲವನ್ನು ತಣಿಸಿದರೆ ಟನ್ ಕಲ್ಲಿದ್ದಲಿಗೆ ಸುಮಾರು 30ರಿಂದ 40 ಕೆಜಿ ಕಪ್ಪು ಟಾರ್ ಸಿಗುತ್ತದೆ.

ಈ ಟಾರನ್ನು ಮತ್ತೆ ಕುದಿಸಿ, ಆವಿಯನ್ನು ಹಂತಹಂತವಾಗಿ ಬೇರ್ಪಡಿಸುತ್ತಾರೆ. 218 ಡಿಗ್ರಿಗೆ ಕುದಿಯುವ ನ್ಯಾಫ್ತಲೀನ್ ತಣಿದಾಗ ಹರಳಾಗುತ್ತದೆ. ಗುಳಿಗೆಗೂ ಅದೇ, ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕಕ್ಕೂ ಅದೇ. ಒಲೆಯ ಅನಿಲದಿಂದಲೇ ತೆಗೆಯುವ ಬೆಂಜೀನ್, ಟಾಲುಯೀನ್‌ಗಳನ್ನು ಗಂಧಕ ಕಳೆದು ಶುದ್ಧ ಮಾಡಿದರೆ ಬಣ್ಣ, ಪ್ಲಾಸ್ಟಿಕ್, ಔಷಧಗಳಿಗೆ ಕಚ್ಚಾವಸ್ತು. ತಳದಲ್ಲಿ ಉಳಿಯುವ ಪಿಚ್ ಅಲ್ಯೂಮಿನಿಯಂ ಕಾರ್ಖಾನೆಗಳಿಗೆ ಹೋಗುತ್ತದೆ.

ಅಂಗಡಿಯವರು ಗಮನಿಸಬೇಕಾದ ಮಾತು ಒಂದಿದೆ. ಗುಳಿಗೆ ನೋಡೋಕೆ ಪೆಪ್ಪರ್‌ಮೆಂಟ್ ಥರಾನೇ ಇರುತ್ತೆ. ಮಕ್ಕಳು ನುಂಗಿದರೆ ರಕ್ತದ ಕೆಂಪು ಕಣಗಳು ಒಡೆಯುವ ಅಪಾಯವಿದೆ. ಹಾಗಾಗಿ ಬಿಡಿ ಗುಳಿಗೆಯನ್ನು ತಿಂಡಿ ಡಬ್ಬಿಗಳ ಸಾಲಿನಲ್ಲಿ ಇಡಲೇಬಾರದು. ಮಗು ನುಂಗಿದರೆ ಹಾಲು ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಪ್ಯಾಕೆಟ್ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.